ಗುಜರಿಯವರೂ ಬೇಡವೆಂದದ್ದು

ಜೂನ್ 5ರ ವಿಶ್ವ ಪರಿಸರ ದಿನ ಹತ್ತಿರ ಬಂತೆಂದರೆ ಶಾಲೆಗಳ ಗೇಟಿನ ಬಳಿ ಮೀನು, ನವಿಲು, ಕಪ್ಪೆಗಳು ಕಾಣಿಸಿಕೊಳ್ಳುತ್ತವೆ. ತಂತಿ ಬಲೆಯೊಳಗೆ ನೀರಿನ ಬಾಟಲಿ ತುಂಬಿ ಮಾಡಿದ ಮೀನು, ಹಳೆ ಸಿಡಿಗಳನ್ನೇ ಗರಿ ಮಾಡಿಕೊಂಡ ನವಿಲು, ಟೈರಿಗೆ ಹಸಿರು ಬಣ್ಣ ಬಳಿದು ಕಣ್ಣು ಬರೆದ ಕಪ್ಪೆ. ಶಾಸಕರು ಬಂದು ಟೇಪು ಕತ್ತರಿಸುತ್ತಾರೆ. ಮರುದಿನ ಪತ್ರಿಕೆಯಲ್ಲಿ ‘ಕಸದಿಂದ ರಸ’ ಎಂಬ ತಲೆಬರಹದ ಕೆಳಗೆ ಫೋಟೊ. ತಿಂಗಳು ಕಳೆಯುವಷ್ಟರಲ್ಲಿ ಮಳೆ ಹಿಡಿದು, ಮೀನಿನ ಬಾಲ ಜೋತುಬಿದ್ದು, ಒಂದು ಬೆಳಿಗ್ಗೆ ಅದು ಕಸದ ಆಟೊ ಏರಿರುತ್ತದೆ. ಅಲ್ಲಿಂದ ಮುಂದಿನ ಕಥೆಯನ್ನು ಯಾರೂ ಬರೆಯುವುದಿಲ್ಲ.

ಬರೆಯಬೇಕಾದದ್ದು ಅದನ್ನೇ. ನೀರಿನ ಬಾಟಲಿಗೆ ಗುಜರಿ ಅಂಗಡಿಯಲ್ಲಿ ಬೆಲೆಯಿದೆ. ಅಂಗಡಿಯವನು ಮುಚ್ಚಳ ತಿರುಗಿಸಿ ಒಂದು ಚೀಲಕ್ಕೆ ಎಸೆಯುತ್ತಾನೆ, ಲೇಬಲ್ ಕಿತ್ತು ಪಕ್ಕಕ್ಕೆ ಹಾಕುತ್ತಾನೆ, ಬಾಟಲಿಯನ್ನು ಕಾಲಲ್ಲಿ ಮೆಟ್ಟಿ ಚಪ್ಪಟೆ ಮಾಡಿ ಇನ್ನೊಂದು ಚೀಲಕ್ಕೆ ತುರುಕುತ್ತಾನೆ. ಬಾಟಲಿ ಪೆಟ್, ಮುಚ್ಚಳ ಬೇರೆ ಜಾತಿಯ ಪ್ಲಾಸ್ಟಿಕ್. ಎರಡಕ್ಕೂ ದರ ಬೇರೆ, ಕೊಳ್ಳುವವರೂ ಬೇರೆ. ಬಣ್ಣವಿಲ್ಲದ ಬಾಟಲಿಗೆ ಒಂದು ರೇಟಾದರೆ ಬಣ್ಣದ್ದಕ್ಕೆ ಅದಕ್ಕಿಂತ ಕಡಿಮೆ. ಅದೇ ಬಾಟಲಿಗೆ ಸ್ಪ್ರೇ ಪೇಂಟ್ ಹೊಡೆದು, ಗ್ಲೂ ಗನ್ನಿನಿಂದ ಥರ್ಮಾಕೋಲಿನ ಕಣ್ಣು ಅಂಟಿಸಿ, ಮೇಲೊಂದಿಷ್ಟು ಮಿನುಗುಪುಡಿ ಉದುರಿಸಿ ತಂದುಕೊಟ್ಟರೆ ಅವನು ತಕ್ಕಡಿಗೂ ಹಾಕುವುದಿಲ್ಲ. “ಇದನ್ನ ಯಾರು ತಗೋತಾರೆ ಸಾರ್, ಕಸಕ್ಕೇ ಹಾಕಿ” ಎನ್ನುತ್ತಾನೆ. ಮತ್ತೆ ಬಾಟಲಿಯಾಗಿಯೋ ಬಟ್ಟೆಯ ನೂಲಾಗಿಯೋ ಹುಟ್ಟಬಹುದಾಗಿದ್ದ ವಸ್ತುವನ್ನು ನಾವು ಕಲೆಯ ಹೆಸರಲ್ಲಿ ನಾಲ್ಕು ದಿನ ಬಿಸಿಲಲ್ಲಿ ನಿಲ್ಲಿಸಿ, ಆಮೇಲೆ ಊರಾಚೆಯ ಕಸದ ಗುಡ್ಡಕ್ಕೆ ಅಟ್ಟಿದಂತಾಯಿತು. ರಸವಿದ್ದದ್ದೇ ಕಸವಾಯಿತು.

ಇದನ್ನು ಈಗ ಹೇಳುವುದಕ್ಕೆ ಕಾರಣವಿದೆ. ನಮ್ಮ ಬಡಾವಣೆಯ ಕೆಲವು ತರುಣ ತರುಣಿಯರು ಸೇರಿ, ಕಸದಿಂದ ಕಲಾಕೃತಿ ಮಾಡುವ, ಲಾಭ ಹಂಚಿಕೊಳ್ಳದ ಒಂದು ಸಂಸ್ಥೆ ಕಟ್ಟಲು ಹೊರಟಿದ್ದಾರೆ. ಹೆಸರು ಸಿದ್ಧ, ಲೋಗೊ ಸಿದ್ಧ, ಟೀ ಶರ್ಟಿನ ಬಣ್ಣವೂ ತೀರ್ಮಾನವಾಗಿದೆ. ಉದ್ಘಾಟನೆಯ ಬ್ಯಾನರ್ ಫ್ಲೆಕ್ಸಿನದಂತೆ, ಅದು ಇರಲಿ. ಉತ್ಸಾಹಕ್ಕೆ ತಣ್ಣೀರೆರಚುವ ಹಿರಿಯರ ಸಾಲಿಗೆ ಸೇರುವ ಆಸೆ ನನಗಿಲ್ಲ. ಇಂಥ ಸಂಸ್ಥೆಗಳು ಊರಿಗೊಂದಾದರೂ ಬೇಕು. ಆದರೆ ಲೋಗೊಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಯಾವ ಕಸ ಎತ್ತಿಕೊಳ್ಳುತ್ತೀರಿ ಎಂಬುದು. ನನ್ನನ್ನು ಕೇಳಿದರೆ, ಗುಜರಿಯವರೂ ಬೇಡವೆಂದದ್ದನ್ನು ಮಾತ್ರ.

ಇದನ್ನು ನಾನು ಕಲಿತದ್ದು ನೇಕ್ ಚಂದರ ಕೆಲಸದಿಂದ. ಈಗ ಪಾಕಿಸ್ತಾನದಲ್ಲಿರುವ ಶಕರ್‌ಗಢದ ಕಡೆಯ ಹಳ್ಳಿಯಲ್ಲಿ 1924ರಲ್ಲಿ ಹುಟ್ಟಿ, ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಈ ಕಡೆ ಬಂದ ಮನುಷ್ಯ. ಲೆ ಕಾರ್ಬುಸಿಯೆ ನಕ್ಷೆ ಹಾಕಿದ ಚಂಡೀಗಡ ಎದ್ದು ನಿಲ್ಲುತ್ತಿದ್ದ ಕಾಲದಲ್ಲಿ ಅಲ್ಲಿನ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದರು. ಹೊಸ ನಗರಕ್ಕಾಗಿ ಹತ್ತಾರು ಹಳ್ಳಿಗಳನ್ನು ನೆಲಸಮ ಮಾಡಿದ್ದರು. ಅವುಗಳ ಅವಶೇಷ ಎಲ್ಲೆಲ್ಲೂ ಬಿದ್ದಿತ್ತು. 1950ರ ದಶಕದ ಕೊನೆಯಿಂದ ನೇಕ್ ಚಂದ್ ಕೆಲಸ ಮುಗಿದ ಮೇಲೆ ಸೈಕಲ್ಲಿನ ಮೇಲೆ ಅದನ್ನು ಹೇರಿಕೊಂಡು ಸುಖನಾ ಕೆರೆಯ ಹತ್ತಿರದ ಕಾಡಿನೊಳಗೆ ಸಾಗಿಸತೊಡಗಿದರು. ಯಾರೂ ಏನೂ ಕಟ್ಟಬಾರದೆಂದು ಕಾದಿಟ್ಟ ಸರ್ಕಾರಿ ಜಾಗ ಅದು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರಿಗಳಿಗೆ ಸುಳಿವು ಸಿಗಲಿಲ್ಲ. ಸರ್ಕಾರಿ ನೌಕರನೊಬ್ಬ ಸರ್ಕಾರದ ಜಾಗದಲ್ಲೇ ಸರ್ಕಾರಕ್ಕೆ ತಿಳಿಯದಂತೆ ಒಂದು ಊರನ್ನೇ ಕಟ್ಟಿದ್ದ! ಗೊತ್ತಾದಾಗ ಕಾನೂನಿನ ಪ್ರಕಾರ ಕೆಡವಬೇಕಿತ್ತು. ಜನ ಬಿಡಲಿಲ್ಲ. 1976ರಲ್ಲಿ ಅದು ರಾಕ್ ಗಾರ್ಡನ್ ಎಂಬ ಹೆಸರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು.

ಅಲ್ಲಿನ ಗೋಡೆಗಳನ್ನೂ ಬೊಂಬೆಗಳನ್ನೂ ಹತ್ತಿರದಿಂದ ನೋಡಬೇಕು. ಒಡೆದ ವಾಷ್ ಬೇಸಿನ್, ಕಮೋಡಿನ ಚೂರು, ಪಿಂಗಾಣಿಯ ಹಳೆ ವಿದ್ಯುತ್ ಸಾಕೆಟ್ಟು, ಟೈಲ್ಸಿನ ತುಂಡು. ಸಾಲಾಗಿ ನಿಂತ ಹೆಂಗಸರ ಬೊಂಬೆಗಳ ಸೀರೆ ಪೂರ್ತಿ ಒಡೆದ ಗಾಜಿನ ಬಳೆಗಳದು. ಕೆಂಪಿನ ಪಕ್ಕ ಹಸಿರು, ಹಸಿರಿನ ಪಕ್ಕ ನೀಲಿ, ಒಂದೊಂದು ಚೂರನ್ನೂ ಸಿಮೆಂಟು ಹಸಿಯಿರುವಾಗಲೇ ಒತ್ತಿ ಕೂರಿಸಿದ್ದು. ಕೆಲವು ಬೊಂಬೆಗಳೊಳಗೆ ಹಳೆ ಸೈಕಲ್ಲಿನ ಬಿಡಿಭಾಗಗಳೇ ಎಲುಬು. ಒಡೆದ ಕಮೋಡನ್ನು ಯಾವ ಗುಜರಿಯವರು ಕೊಳ್ಳುತ್ತಾರೆ? ಕಬ್ಬಿಣ ಕರಗುತ್ತದೆ, ಗಾಜು ಕರಗುತ್ತದೆ, ಪ್ಲಾಸ್ಟಿಕ್ಕೂ ಕರಗುತ್ತದೆ. ಒಮ್ಮೆ ಸುಟ್ಟು ಗಟ್ಟಿಯಾದ ಪಿಂಗಾಣಿ ಹಾಗೆ ಕರಗಿ ಮತ್ತೊಂದು ಬೇಸಿನ್ ಆಗುವುದಿಲ್ಲ. ಮಾರುಕಟ್ಟೆ ಅದನ್ನು ಕೈಬಿಟ್ಟದ್ದು ಆ ಕಾರಣಕ್ಕೆ. ಅರ್ಧ ಶತಮಾನದ ಬಿಸಿಲು ಮಳೆಗೆ ಅದು ಬಣ್ಣಗೆಡದೆ ನಿಂತಿರುವುದೂ ಅದೇ ಗುಣದಿಂದ. ಶಾಲೆಯ ಗೇಟಿನ ಮೀನು ಮೊದಲ ಮಳೆಗೇ ಸೋಲುವುದು ಮಕ್ಕಳ ಕೈಕೆಲಸದ ದೋಷದಿಂದಲ್ಲ, ಆರಿಸಿಕೊಂಡ ಮಾಲಿನಿಂದ.

ದಿಲ್ಲಿಯ ಸರಾಯ್ ಕಾಲೇ ಖಾನ್ ಬಳಿ 2019ರಲ್ಲಿ ಪಾಲಿಕೆಯವರು ಒಂದು ಪಾರ್ಕು ತೆರೆದರು. ಸುಮಾರು 150 ಟನ್ ಗುಜರಿ ಲೋಹದಲ್ಲಿ ತಾಜ್ ಮಹಲು, ಐಫೆಲ್ ಗೋಪುರ, ಪೀಸಾದ ವಾಲುಗೋಪುರ ಎಲ್ಲ ಎದ್ದಿವೆ. ಸಂಜೆ ದೀಪ ಹಾಕಿದಾಗ ಚೆನ್ನಾಗಿಯೇ ಕಾಣುತ್ತವೆ, ಸೆಲ್ಫಿಗೆ ಜನಜಂಗುಳಿ. ಆದರೆ ಕಬ್ಬಿಣಕ್ಕೆ ಕಲೆಯ ದಯೆ ಬೇಕಿರಲಿಲ್ಲ. ಅದು ಹೇಗೂ ಕುಲುಮೆ ಸೇರಿ ಮತ್ತೆ ಕಂಬಿಯಾಗುವ ಮಾಲು. ಅದನ್ನು ಉಳಿಸಿದೆವು ಎಂದು ಬೋರ್ಡು ಹಾಕಿಕೊಳ್ಳುವುದು ಸ್ವಲ್ಪ ಅತಿಯಾಯಿತು. ಕಸದ ಕತೆ ಹೇಳಲು ಐಫೆಲ್ ಗೋಪುರವೇ ಯಾಕೆ ಬೇಕಿತ್ತೋ, ಅದೂ ನನಗೆ ತಿಳಿದಿಲ್ಲ.

ನೇಕ್ ಚಂದರಿಗೆ ಸರ್ಕಾರ ಕೊನೆಗೆ ಇದೇ ಕೆಲಸಕ್ಕೆ ಸಂಬಳ ಕೊಟ್ಟಿತು, 50 ಕೆಲಸಗಾರರನ್ನು ಕೊಟ್ಟಿತು. 1984ರಲ್ಲಿ ಪದ್ಮಶ್ರೀಯೂ ಬಂತು. ಆದರೆ ಇವೆಲ್ಲಕ್ಕಿಂತ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು, ಒಡೆದ ಪಿಂಗಾಣಿ ಮತ್ತು ಚಿಂದಿ ಬಟ್ಟೆ ಸಂಗ್ರಹಿಸಲು ನಗರದಲ್ಲಿ ಅಲ್ಲಲ್ಲಿ ಕೇಂದ್ರಗಳನ್ನು ತೆರೆದದ್ದು. ಕಸದ ಕಲೆಗೆ ಬ್ರಷ್ಷಿಗಿಂತ ಮೊದಲು ಗೋದಾಮು ಬೇಕು. ಹತ್ತು ಮೂಟೆ ಟೈಲ್ಸ್ ಚೂರು ಒಂದೇ ದಿನ ಬರುವುದಿಲ್ಲ. ಬಂದದ್ದನ್ನು ತೊಳೆದು, ಬಣ್ಣ ಬಣ್ಣಕ್ಕೆ ವಿಂಗಡಿಸಿ, ವರ್ಷಗಟ್ಟಲೆ ಇಟ್ಟುಕೊಳ್ಳಲು ಸೂರು ಬೇಕು. ಅಕ್ಕಪಕ್ಕದ ಮನೆಯವರು ಸೊಳ್ಳೆ ಎಂದು ದೂರು ಕೊಡದಂಥ ಸೂರು.

ನ್ಯೂಯಾರ್ಕಿನಲ್ಲಿ ‘ಮೆಟೀರಿಯಲ್ಸ್ ಫಾರ್ ದಿ ಆರ್ಟ್ಸ್’ ಎಂಬ ಕಾರ್ಯಕ್ರಮವಿದೆ. 1978ರಲ್ಲಿ ನಗರಾಡಳಿತದ ಸಂಸ್ಕೃತಿ ಇಲಾಖೆಯಲ್ಲಿದ್ದ ಆಂಜೆಲಾ ಫ್ರೆಮಾಂಟ್ ಎಂಬ ಕಲಾವಿದೆ ಶುರುಮಾಡಿದ್ದು. ಸೆಂಟ್ರಲ್ ಪಾರ್ಕಿನ ಮೃಗಾಲಯಕ್ಕೆ ಪ್ರಾಣಿಗಳ ಔಷಧ ಇಡಲು ಒಂದು ಫ್ರಿಜ್ ಬೇಕಾಗಿತ್ತಂತೆ. ರೇಡಿಯೊದಲ್ಲಿ ಕೇಳಿಸಿದ್ದೇ ತಡ, ಕೊಡುತ್ತೇವೆ ಎನ್ನುವವರ ಸಾಲೇ ಹತ್ತಿತು. ಊರಿನಲ್ಲಿ ಬೇಡದ ಸಾಮಾನು ಇಷ್ಟಿರುವಾಗ ಬೇಕಾದವರಿಗೆ ಮುಟ್ಟಿಸುವ ಕೊಂಡಿ ಮಾತ್ರ ಇಲ್ಲ ಎಂಬುದು ಆಕೆಗೆ ಹೊಳೆಯಿತು. ಇವತ್ತು ಕ್ವೀನ್ಸ್‌ನಲ್ಲಿ ಅವರ ದೊಡ್ಡ ಗೋದಾಮಿದೆ. ಕಾರ್ಖಾನೆಗಳ ಬಟ್ಟೆ ತುಂಡು, ಗುಂಡಿ, ಮಣಿ, ನಾಟಕ ಮುಗಿದ ಮೇಲೆ ಬೇಡವಾದ ರಂಗಸಜ್ಜಿಕೆಯ ಸಾಮಾನು ಅಲ್ಲಿಗೆ ಬರುತ್ತದೆ. ಸರ್ಕಾರಿ ಶಾಲೆಗಳೂ ಸೇವಾಸಂಸ್ಥೆಗಳೂ ಪುಕ್ಕಟೆ ಒಯ್ಯುತ್ತವೆ. ನಮ್ಮ ಬಡಾವಣೆಯವರು ಮೊದಲ ವರ್ಷ ಇಷ್ಟನ್ನೇ ಮಾಡಿದರೂ ಸಾರ್ಥಕ. ಸುತ್ತಲಿನ ಶಾಲೆಗಳ ಡ್ರಾಯಿಂಗ್ ಮೇಷ್ಟ್ರುಗಳು ಕೈಮುಗಿಯುತ್ತಾರೆ.

ಬೆಂಗಳೂರಿನಲ್ಲಿ ಈ ಕೆಲಸದ ಅರ್ಧ ದಾರಿಯನ್ನು ಬೇರೆಯವರು ಆಗಲೇ ಸವೆಸಿದ್ದಾರೆ. 2012ರಲ್ಲಿ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ನಿಮ್ಮ ಕಸ ಸಾಕೆಂದು ಸಿಡಿದೆದ್ದಾಗ ನಗರದ ಬೀದಿಬೀದಿಯಲ್ಲಿ ಕಸ ರಾಶಿ ಬಿದ್ದದ್ದು ನೆನಪಿರಬಹುದು. ಹಸಿ ಕಸ, ಒಣ ಕಸ ಬೇರೆ ಮಾಡುವುದು ಕಡ್ಡಾಯವಾದದ್ದು ಆಗಲೇ. ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ಬಂದವು. ಚಿಂದಿ ಆಯುವವರನ್ನು ಸಂಘಟಿಸಿದ ‘ಹಸಿರುದಳ’ದಂಥ ಸಂಸ್ಥೆಗಳ ಓಡಾಟದಿಂದ ಅವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು; ಹಲವು ಕೇಂದ್ರಗಳನ್ನು ಅವರೇ ನಡೆಸುತ್ತಿದ್ದಾರೆ. ಅಲ್ಲಿ ಹೋಗಿ ಒಂದು ದಿನ ಸುಮ್ಮನೆ ಕೂರಬೇಕು. ರಟ್ಟು ಒಂದು ಕಡೆ, ಹಾಲಿನ ಕವರ್ ಒಂದು ಕಡೆ, ತಗಡು ಒಂದು ಕಡೆ. ಕೈ ಎಷ್ಟು ಚುರುಕೆಂದರೆ, ಪ್ಲಾಸ್ಟಿಕ್ಕನ್ನು ಬೆರಳಲ್ಲಿ ಹಿಸುಕಿ, ಸದ್ದು ಕೇಳಿಯೇ ಯಾವ ಜಾತಿ ಎಂದು ಹೇಳುತ್ತಾರೆ. ಎಲ್ಲ ಬೇರೆಯಾದ ಮೇಲೆ ಮೂಲೆಯಲ್ಲಿ ಇನ್ನೂ ಒಂದು ರಾಶಿ ಉಳಿಯುತ್ತದೆ. ಕಿತ್ತ ಚಪ್ಪಲಿ, ರೆಕ್ಸಿನ್ ಬ್ಯಾಗು, ಒಡೆದ ಕಪ್ಪು ಬಸಿ, ಹಲ್ಲುಜ್ಜುವ ಬ್ರಷ್ಷು, ಚಿಪ್ಸಿನ ಮಿರಿಮಿರಿ ಕವರು. ಇದನ್ನು ಯಾರೂ ಕೊಳ್ಳುವುದಿಲ್ಲ, ಸಾಗಿಸುವ ಖರ್ಚು ಬೇರೆ. ಕಲಾವಿದರು ಕೈಹಾಕಬೇಕಾದ ರಾಶಿ ಅದು. ಉಳಿದವುಗಳಿಗೆ ಕೈಹಾಕಿದರೆ ಅದು ವಿಂಗಡಿಸುವವರ ಅನ್ನಕ್ಕೆ ಕೈಹಾಕಿದಂತೆ.

ಇಲ್ಲಿಂದ ದುಡ್ಡಿನ ಮಾತಿಗೆ ಬರಬೇಕು. ಬ್ರೆಜಿಲ್ಲಿನ ಕಲಾವಿದ ವಿಕ್ ಮುನಿಜ್ ರಿಯೊ ಹತ್ತಿರದ ಜಾರ್ಡಿಂ ಗ್ರಾಮಾಚೊ ಎಂಬ ಭಾರಿ ಕಸದ ಮೈದಾನಕ್ಕೆ ಹೋಗಿ, ಅಲ್ಲಿ ಆಯುವವರ ಚಿತ್ರಗಳನ್ನು ಅವರ ಕೈಯಿಂದಲೇ ಕಸದಲ್ಲಿ ಮಾಡಿಸಿದ. ವಿಶಾಲವಾದ ನೆಲದ ಮೇಲೆ ಮುಚ್ಚಳ, ಟೈರು, ಡಬ್ಬ ಜೋಡಿಸಿ, ಎತ್ತರದಿಂದ ಫೋಟೊ ತೆಗೆದದ್ದು. ಉಳಿದದ್ದು ಆ ಫೋಟೊ. ಆಯುವವರ ಸಂಘದ ಅಧ್ಯಕ್ಷ ತಿಯಾವೊ ಸಾಂತೊಸ್ ಕಸದಲ್ಲಿ ಸಿಕ್ಕ ಸ್ನಾನದ ತೊಟ್ಟಿಯಲ್ಲಿ ಒರಗಿದ ಚಿತ್ರ ಲಂಡನ್ನಿನ ಹರಾಜಿನಲ್ಲಿ ಮಾರಾಟವಾಗಿ, ಹಣ ಆ ಸಂಘಕ್ಕೇ ಹೋಯಿತು. 2010ರ ‘ವೇಸ್ಟ್ ಲ್ಯಾಂಡ್’ ಎಂಬ ಸಾಕ್ಷ್ಯಚಿತ್ರದಲ್ಲಿ ಇದೆಲ್ಲ ಇದೆ. ಎರಡು ವರ್ಷದ ನಂತರ ಮೈದಾನ ಮುಚ್ಚಿತು. ಕಲೆಯಿಂದ ಯಾರ ಬದುಕು ಎಷ್ಟು ಬದಲಾಯಿತು ಎಂದು ಜಗಳವಾಡಬಹುದು, ಆದರೆ ಹಣ ಯಾರ ಖಾತೆಗೆ ಎಂಬುದರಲ್ಲಿ ಅಲ್ಲಿ ಗೊಂದಲವಿರಲಿಲ್ಲ. ನಮ್ಮಲ್ಲಿ ಕಲಾವಿದರಿಗೆ ಸಂಭಾವನೆ, ಮುಖ್ಯ ಅತಿಥಿಗೆ ಶಾಲು, ಮೈಸೂರು ಪೇಟ. ಮೂಟೆ ಹೊತ್ತು ತಂದವರಿಗೆ ಒಂದು ಊಟದ ಪೊಟ್ಟಣ.

ಇದಕ್ಕಿಂತ ಹತ್ತಿರದ ಮಾದರಿ ನಮ್ಮ ಉತ್ತರ ಕನ್ನಡದಲ್ಲೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೆ ಸೀರೆ, ಅಂಗಿಯ ತುಂಡುಗಳಿಂದ ಕವಂದಿ ಎಂಬ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂವು ಇಡದಿದ್ದರೆ ಅವರ ಲೆಕ್ಕದಲ್ಲಿ ಅದು ಪೂರ್ತಿಯಾದಂತಲ್ಲ. 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಈ ಹೆಂಗಸರ ಸಹಕಾರ ಸಂಘವೊಂದು ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದ ಗೋಡೆಯ ಮೇಲೆ ಈ ಕವಂದಿಗಳು ತೂಗಿದವು. ಸಂಘ ಬಂದು ಇವರಿಗೆ ಕಲೆ ಕಲಿಸಲಿಲ್ಲ. ಕಲೆ ತಲೆಮಾರುಗಳಿಂದ ಇತ್ತು, ಸಂಘ ಬಂದದ್ದು ಅದನ್ನು ಮಾರಲು. ಯಾವುದು ಚೆಂದ, ಯಾವುದು ಮುಗಿದಿದೆ ಎಂದು ಹೇಳುವ ಅಧಿಕಾರ ಹೊಲಿದವರ ಬಳಿಯೇ ಉಳಿಯಿತು. ಬಡಾವಣೆಯ ಸಂಸ್ಥೆಯ ಪದಾಧಿಕಾರಿಗಳ ಪಟ್ಟಿಯಲ್ಲಿ ಸಾಫ್ಟ್‌ವೇರಿನವರು, ವಿನ್ಯಾಸಕರು, ನಿವೃತ್ತ ಬ್ಯಾಂಕ್ ಮ್ಯಾನೇಜರು ಎಲ್ಲ ಇದ್ದಾರೆ. ಕಸ ವಿಂಗಡಿಸುವ ಒಬ್ಬರೂ ಇಲ್ಲ. ಒಣ ಕಸ ಕೇಂದ್ರದಿಂದ ಇಬ್ಬರನ್ನಾದರೂ, ಸಭೆಗೆ ಬಂದ ದಿನದ ಕೂಲಿ ಕೊಟ್ಟು, ಕಾರ್ಯಕಾರಿ ಸಮಿತಿಗೆ ಸೇರಿಸಿಕೊಳ್ಳಲಿ.

ನೋಂದಣಿ ದೊಡ್ಡ ಕಷ್ಟವಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದರೆ ಸಂಘ. ಟ್ರಸ್ಟ್ ಬೇಕೆಂದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಡೀಡ್ ಮಾಡಿಸಬಹುದು. ಎಡವುವುದು ಉದ್ದೇಶಗಳ ಪಟ್ಟಿಯಲ್ಲಿ. ‘ಸಮಾಜದ ಸರ್ವತೋಮುಖ ಅಭಿವೃದ್ಧಿ’ ಎಂದು ಕಣ್ಣುಮುಚ್ಚಿ ಬರೆದುಬಿಡುತ್ತಾರೆ. ಆದಾಯ ತೆರಿಗೆ ಕಾನೂನು ಅಂಥದ್ದನ್ನು ಸಾಮಾನ್ಯ ಸಾರ್ವಜನಿಕ ಉಪಯೋಗದ ಗುಂಪಿಗೆ ಸೇರಿಸುತ್ತದೆ. ಆ ಗುಂಪಿನವರಿಗೆ ವ್ಯಾಪಾರದಿಂದ ಬರುವ ಹಣ ಒಟ್ಟು ಸ್ವೀಕೃತಿಯ ಶೇ 20ನ್ನು ಮೀರುವಂತಿಲ್ಲ. ದೀಪಾವಳಿಗೆ ನಾಲ್ಕು ಕಲಾಕೃತಿ ಹೆಚ್ಚು ಮಾರಾಟವಾದರೂ ತಲೆನೋವು. ಬಡವರ ನೆರವು, ಶಿಕ್ಷಣ, ಪರಿಸರ ಸಂರಕ್ಷಣೆಗೆ ಅದೇ ಕಾನೂನಿನಲ್ಲಿ ಪ್ರತ್ಯೇಕ ಜಾಗವಿದೆ. ಲೋಗೊ ಬರೆಸಿದ್ದಕ್ಕೆ ಕೊಟ್ಟ ದುಡ್ಡಿನಲ್ಲಿ ಅರ್ಧ ಕೊಟ್ಟು ಒಬ್ಬ ಒಳ್ಳೆಯ ಆಡಿಟರನ್ನು ಮೊದಲೇ ಕಂಡಿದ್ದರೆ ಆಗಿತ್ತು.

ಉಳಿದದ್ದು ಜಾಗ. ಪದ್ಮಶ್ರೀ ಪಡೆದವರ ರಾಕ್ ಗಾರ್ಡನ್ನಿಗೇ ನೆಮ್ಮದಿ ಇಲ್ಲ. ಮೂರು ದಶಕಗಳಿಗೂ ಹಿಂದೆ ಬುಲ್ಡೋಜರ್ ಬಂದಾಗ ಚಂಡೀಗಡದ ಜನ ಕೈಕೈ ಹಿಡಿದು ಅಡ್ಡ ನಿಂತಿದ್ದರು. ನೇಕ್ ಚಂದ್ 2015ರಲ್ಲಿ ತೀರಿಕೊಂಡರು. 2025ರಲ್ಲಿ ಹೈಕೋರ್ಟಿನ ಕಡೆಯ ರಸ್ತೆ ಅಗಲಿಸಲು ತೋಟದ ಗೋಡೆಯ ಒಂದು ಭಾಗವನ್ನು ಕೆಡವಿಯೇಬಿಟ್ಟರು. ಜನ ಈ ಸಲವೂ ಪ್ರತಿಭಟಿಸಿದರು. ನಮ್ಮ ತರುಣರಿಗೆ ಪಾರ್ಕಿನ ಮೂಲೆಯೊಂದನ್ನು ಕೊಡುವುದಾಗಿ ಎಂಜಿನಿಯರೊಬ್ಬರು ಬಾಯಿಮಾತಿನಲ್ಲಿ ಹೇಳಿದ್ದಾರಂತೆ. ಎಂಜಿನಿಯರ್ ವರ್ಗವಾದ ದಿನ ಆ ಮಾತೂ ವರ್ಗವಾಗುತ್ತದೆ. ಇಷ್ಟು ಚದರ ಅಡಿ, ಇಷ್ಟು ವರ್ಷ ಎಂದು ಲಿಖಿತ ಆದೇಶ ಪಡೆಯಲಿ. ಅರ್ಜಿಯಲ್ಲಿ ಪ್ರತಿಮೆಯ ಕಟ್ಟೆಗಿಂತ ಮೊದಲು ಒಂದು ಶೀಟಿನ ಶೆಡ್ಡು, ಒಂದು ನಲ್ಲಿ ಮತ್ತು ಚೂರು ತೊಳೆದ ನೀರು ಹೋಗಲು ಒಂದು ಇಂಗುಗುಂಡಿ ಕೇಳಲಿ.