ನಿನ್ನ ಎಫ್‌ಟಿಪಿ ಎಷ್ಟು?

ಈ ಚಳಿಗಾಲದಲ್ಲಿ ಈ ಪ್ರಶ್ನೆ ಎಷ್ಟು ಸಲ ಕೇಳಿಸಿಕೊಂಡೆನೋ ಲೆಕ್ಕ ಇಲ್ಲ. ಕೇಳಿದಾಗಲೆಲ್ಲ ಪಿಯುಸಿ ರಿಸಲ್ಟ್ ದಿನ "ಎಷ್ಟು ಪರ್ಸೆಂಟ್ ಬಂತೋ?" ಅಂತ ಗೇಟಿನ ಹತ್ರಾನೇ ಹಿಡಿದು ನಿಲ್ಲಿಸಿದ ಪಕ್ಕದ ಮನೆ ಆಂಟಿ ನೆನಪಾಗ್ತಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನಿರೋದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಜನವರಿಯಲ್ಲಿ ಮೈನಸ್ 20 ಡಿಗ್ರಿ ಅಂದ್ರೆ ಇಲ್ಲಿ ಯಾರೂ ಬೆರಗಾಗಲ್ಲ. ಆ ಚಳಿಯಲ್ಲೂ ಮಿಡ್‌ಟೌನ್ ಗ್ರೀನ್‌ವೇಯಲ್ಲಿ ಸೈಕಲ್ ತುಳಿಯೋ ಪುಣ್ಯಾತ್ಮರಿದ್ದಾರೆ. ನನ್ನಂಥ ಪುಕ್ಕಲರು ಮನೆಯೊಳಗೆ ಸೈಕಲ್ಲನ್ನು ಟ್ರೈನರ್‌ಗೆ ಸಿಕ್ಕಿಸಿ ಗೋಡೆ ನೋಡ್ತಾ ತುಳೀತೀವಿ. ಪವರ್ ಮೀಟರ್ ಅನ್ನೋದು ನಾವು ತುಳಿಯೋ ಶಕ್ತಿಯನ್ನ ವ್ಯಾಟ್‌ಗಳಲ್ಲಿ ಹೇಳೋ ಸಾಧನ. ಕ್ರ್ಯಾಂಕಿನ ಲೋಹ ಎಷ್ಟು ಬಾಗುತ್ತೆ ಅಂತ ಸ್ಟ್ರೈನ್ ಗೇಜ್ ಅಳೆಯುತ್ತೆ. ಅದರಿಂದ ಸಿಗೋ ಟಾರ್ಕನ್ನು ಪೆಡಲ್ ತಿರುಗೋ ವೇಗದಿಂದ ಗುಣಿಸಿದ್ರೆ ಪವರ್. ಸುಮಾರು ಒಂದು ಗಂಟೆ ತಡೆದುಕೊಳ್ಳಬಲ್ಲ ಪವರ್‌ಗೆ ಎಫ್‌ಟಿಪಿ ಅಂತಾರೆ. ಒಂದು ಗಂಟೆ ಸಾಯೋರು ಯಾರು? ಹಾಗಾಗಿ 20 ನಿಮಿಷ ಜೀವ ಬಿಟ್ಟು ತುಳಿದು, ಸರಾಸರಿಯ 95% ಹಿಡೀತಾರೆ. ಅಂದ್ರೆ ಬರೀ ಅಂದಾಜು. ಜನ ಮಾತ್ರ ಅದನ್ನ ಬ್ಲಡ್ ಗ್ರೂಪ್ ಥರ ಹೇಳ್ಕೊಂಡು ಓಡಾಡ್ತಾರೆ.

ನಾನೇನು ಸಾಚಾ ಅಲ್ಲ. ನವೆಂಬರ್‌ನಲ್ಲಿ ನನ್ನದು 228 ಅಂತ ಎದೆಯುಬ್ಬಿಸ್ಕೊಂಡಿದ್ದೆ. ಆಮೇಲೆ ಹೊಸ ಸ್ಮಾರ್ಟ್ ಟ್ರೈನರ್ ತಂದೆ. ಅದು 205 ಅಂತು! ಅದೇ ಕಾಲು, ಅದೇ ವಾರ. ತಲೆ ಕೆರೆದುಕೊಂಡು ನೋಡಿದ್ರೆ, ನನ್ನ ಹಳೇ ಮೀಟರ್ ಎಡಗಾಲನ್ನಷ್ಟೇ ಅಳೆದು ಎರಡರಿಂದ ಗುಣಿಸುತ್ತೆ. ಕಾಲೇಜಿನಲ್ಲಿ ಬೈಕಿಂದ ಬಿದ್ದು ಏಟಾದ ನನ್ನ ಬಲಮಂಡಿ ಮೈಗಳ್ಳ, ದುಡಿಯೋದೆಲ್ಲ ಎಡಗಾಲೇ. ಚೈನಿನಲ್ಲಿ ಹೋಗೋ ನಾಲ್ಕೈದು ವ್ಯಾಟ್ ಬಿಟ್ರೆ, ಉಳಿದದ್ದೆಲ್ಲ ಇಲ್ಲದ ಕಾಲಿನ ಪವರ್.

ಅಲ್ಲಿಗೆ ನಕ್ಕು ಸುಮ್ಮನಾಗಬೇಕಿತ್ತು. ನಾನು ಮಾಡಿದ್ದೇನು? ವ್ಯಾಟ್ ಏರದಿದ್ರೆ ತೂಕ ಇಳಿಸಿದ್ರಾಯ್ತು, ಕಿಲೋಗೆ ಇಷ್ಟು ವ್ಯಾಟ್ ಅನ್ನೋ ಲೆಕ್ಕ ಸರಿಹೋಗುತ್ತೆ ಅಂತ ಮೂರು ವಾರ ರಾತ್ರಿ ಊಟ ಬಿಟ್ಟೆ. ಒಂದು ದಿನ ಆಫೀಸಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಆ ವಾರ ವಿಡಿಯೋ ಕಾಲಲ್ಲಿ ಅಮ್ಮ "ಮುಖ ಯಾಕೋ ಇಷ್ಟು ಇಳಿದುಹೋಗಿದೆ?" ಅಂದ್ರು. "ಟ್ರೈನಿಂಗ್ ಅಮ್ಮ" ಅಂದೆ. "ಯಾವ ರೇಸಿಗೋ?" ಅಂದ್ರು. ಯಾವ ರೇಸೂ ಇರಲಿಲ್ಲ.

ಇನ್ನೊಂದು ವಿಷಯ ಸೆಖೆಯದು. ನಮ್ಮ ದೇಹ ಖರ್ಚು ಮಾಡೋ ಶಕ್ತಿಯಲ್ಲಿ ಪೆಡಲ್ ತಲುಪೋದು ನಾಲ್ಕರಲ್ಲಿ ಒಂದು ಪಾಲು, ಅದಕ್ಕಿಂತ ಕಮ್ಮಿಯೂ ಇರಬಹುದು. 200 ವ್ಯಾಟ್ ತುಳಿದ್ರೆ 600ಕ್ಕೂ ಹೆಚ್ಚು ವ್ಯಾಟ್ ಬರೀ ಶಾಖ, ಒಂದು ಸಣ್ಣ ರೂಮ್ ಹೀಟರ್ ಇದ್ದ ಹಾಗೆ! ರಸ್ತೆಯಲ್ಲಾದ್ರೆ ಗಾಳಿ ಹೊತ್ಕೊಂಡು ಹೋಗುತ್ತೆ. ರೂಮಿನೊಳಗೆ ಗಾಳಿ ಎಲ್ಲಿಂದ ಬರಬೇಕು? ಎದೆಬಡಿತ ಏರುತ್ತೆ, ವ್ಯಾಟ್ ಇಳಿಯುತ್ತೆ. ನೂರಾರು ಡಾಲರಿನ ಮೀಟರ್ ಕೊಂಡು, ಒಂದು ಫ್ಯಾನ್ ಇಡದೆ "ಫಿಟ್‌ನೆಸ್ ಬಿದ್ದೋಯ್ತು" ಅಂತ ಗೋಳಾಡೋರಿಗೆ ಏನು ಹೇಳೋದು?

"ಹಾಗಾದ್ರೆ ಮೀಟರೇ ಬೇಡ್ವಾ, ನೀನೂ ಇಂಜಿನಿಯರ್ರಾ?" ಅಂತೀರೇನೋ. ಖಂಡಿತ ಬೇಕು. ಎದೆಬಡಿತ ನಿಧಾನವಾಗಿ ಏರುತ್ತೆ, ವೇಗ ಎದುರುಗಾಳಿಗೆ ಸಿಕ್ಕಿ ಸುಳ್ಳು ಹೇಳುತ್ತೆ. ಈ ಕ್ಷಣ ಎಷ್ಟು ತುಳೀತಿದ್ದೀನಿ ಅಂತ ಹೇಳೋದು ಪವರ್ ಮೀಟರ್ ಒಂದೇ. ಆದ್ರೆ ಅದೇ ಮೀಟರಿನ ಹಿಂದಿನ ತಿಂಗಳ ನಂಬರ್ ಜೊತೆ ಹೋಲಿಸಿ, ಶುರು ಮಾಡೋ ಮುಂಚೆ ಝೀರೋ ಮಾಡಿ, ಎದುರಿಗೆ ಫ್ಯಾನ್ ಇಟ್ಟು. ನಾವು ಲಾಗ್ ಫೈಲ್ ನೋಡೋದು ಎಲ್ಲಿ ತಪ್ಪಾಗಿದೆ ಅಂತ ತಿಳಿಯೋಕೆ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕೋಕಲ್ಲ. ಇದೂ ಅಷ್ಟೇ.

ಮಾರ್ಕ್ಸ್ ಕಾರ್ಡಿನಿಂದ ತಪ್ಪಿಸ್ಕೊಂಡು ಸೈಕಲ್ ಹತ್ತಿದೋರು ನಾವು. ಅಲ್ಲೂ ಒಂದು ಮಾರ್ಕ್ಸ್ ಕಾರ್ಡ್ ತಂದಿಟ್ಕೊಂಡ್ರೆ ಹೇಗೆ ಸ್ವಾಮಿ?

ಈಗ ಯಾರಾದ್ರೂ "ಎಫ್‌ಟಿಪಿ ಎಷ್ಟು?" ಅಂದ್ರೆ ನಂಬರ್ ಹೇಳಲ್ಲ. "ಫ್ಯಾನ್ ಇದ್ಯಾ? ಊಟ ಆಯ್ತಾ?" ಅಂತ ತಿರುಗಿ ಕೇಳ್ತೀನಿ :-)

ನೀವೇನಂತೀರಿ?