ವೇಷವೂ ವಾಸ್ತವವೂ

ಗುಬ್ಬಿ ವೀರಣ್ಣನವರ ಕಂಪೆನಿಯು ‘ಕುರುಕ್ಷೇತ್ರ’ಕ್ಕಾಗಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು, ಆದರೂ ಅದನ್ನು ನಾಟಕವೆಂದೇ ಕರೆಯಿತು. ಇಂದಿನ ಟೆಲಿವಿಷನ್ ವಾಹಿನಿಗಳಾದರೋ ವೇಷವನ್ನೇ ‘ರಿಯಾಲಿಟಿ’ ಎನ್ನುತ್ತಿವೆ. ನಮ್ಮ ಆಕ್ಷೇಪವು ಆಟದ ಮೇಲಲ್ಲ, ಈ ಹೆಸರಿನ ಮೇಲೆ.

ಕಾಡಿನಲ್ಲಿ ಒಂಟಿಯಾಗಿ ಬದುಕುವನೆಂದು ಖ್ಯಾತನಾದ ಬೇರ್ ಗ್ರಿಲ್ಸ್ ಎಂಬಾತನು ಚಿತ್ರೀಕರಣದ ಕೆಲವು ರಾತ್ರಿಗಳನ್ನು ಹೋಟೆಲಿನಲ್ಲಿ ಕಳೆದುದು 2007ರಲ್ಲಿ ಬಯಲಾಯಿತು. 2020ರ ಜನವರಿಯಲ್ಲಿ ಆತನೇ ನಮ್ಮ ಬಂಡೀಪುರದಲ್ಲಿ ನಟ ರಜನೀಕಾಂತರೊಡನೆ ಚಿತ್ರ ತೆಗೆದನು. ಇಲಾಖೆಯ ಅನುಮತಿ, ಛಾಯಾಗ್ರಾಹಕರ ಪರಿವಾರ ಎಲ್ಲವೂ ಜೊತೆಗಿದ್ದ ಮೇಲೆ ಅದು ವನವಾಸವೆಂತು? ವನವಿಹಾರವಷ್ಟೆ.

ವನವಾಸವನ್ನು ಬಲ್ಲವರು ಜೇನುಕುರುಬರು. ಹೆಜ್ಜೇನಿಗೆ ಎಷ್ಟು ಹೊಗೆ ಹಾಕಬೇಕು, ಗೂಡಿನಲ್ಲಿ ಎಷ್ಟನ್ನು ಉಳಿಸಬೇಕು ಎಂಬುದು ತಲೆಮಾರುಗಳ ವಿದ್ಯೆ. ಅಂಥವರ ಎಷ್ಟೋ ಕುಟುಂಬಗಳನ್ನು ಹುಲಿಯ ರಕ್ಷಣೆಗೆಂದು ಕಾಡಿನಿಂದ ಹೊರಡಿಸಿದೆವು. ಅಲ್ಲಿಗೆ ಕ್ಯಾಮರಾವನ್ನು ಸ್ವಾಗತಿಸಿದೆವು! ಕನ್ನಡದ ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಕಾರ್ಯಕ್ರಮವಾದರೂ ಹಳ್ಳಿಯ ತರುಣರನ್ನು ನಗರಕ್ಕೆ ತಂದು ಅವರ ತಬ್ಬಿಬ್ಬನ್ನೇ ವಿನೋದವೆಂದು ಮಾರಿತು.

ಇವುಗಳಿಂದ ಪೇಟೆಯ ಮಕ್ಕಳಿಗೆ ಕಾಡಿನಲ್ಲಿ ಪ್ರೀತಿ ಹುಟ್ಟುವುದೆಂದು ಕೆಲವರು ವಾದಿಸುವರು. ಹುಟ್ಟಲಿ. ಆದರೆ ಸುಳ್ಳನ್ನು ನಂಬಿ ಹುಟ್ಟಿದ ಪ್ರೀತಿಯು ಕಾಡಿನವನ ಕಷ್ಟವನ್ನು ಕಾಣಲಾರದು. ಕಾಡಿನ ಬಾಳು ಇಷ್ಟು ಸುಲಭವೆಂದು ತಿಳಿದವನು ಆ ವಿದ್ಯೆಗೆ ಬೆಲೆಯನ್ನೇಕೆ ಕೊಟ್ಟಾನು? ಆದುದರಿಂದ, ಓದುಗರೆ, ನಾಟಕವನ್ನು ನಾಟಕವೆಂದೇ ಸಾರುವ ಗುಬ್ಬಿಯ ಮರ್ಯಾದೆಯನ್ನು ಈ ವಾಹಿನಿಗಳಿಂದಲೂ ಕೇಳೋಣ.