ಹಾಡಿದವರು ಯಾರು, ರಚಿಸಿದವರು ಯಾರು?



ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳು ಬಂದವೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ವೇದಿಕೆಗಳಲ್ಲಿ ತರುಣರು ಗಿಟಾರು ಹಿಡಿದು ‘ಸೋರುತಿಹುದು ಮನಿಯ ಮಾಳಿಗಿ’, ‘ಗುಡುಗುಡಿಯ ಸೇದಿ ನೋಡೊ’ ಪದಗಳನ್ನು ಹಾಡುವುದುಂಟು. ಅದು ಸಂತೋಷದ ಸಂಗತಿಯೇ. ಆದರೆ ಕರಪತ್ರದಲ್ಲಿ ಅವನ್ನು ‘ರಘು ದೀಕ್ಷಿತರ ರಚನೆ’ ಎಂದೋ, ‘ಜನಪದ ಗೀತೆ’ ಎಂದೋ ಅಚ್ಚು ಮಾಡಿಸಿದರೆ ಎರಡೂ ಪ್ರಮಾದವೇ.

ಗಿಟುಕು ಕಾಯಿಯನ್ನು ಅಲುಗಿಸಿದಾಗ ಬರುವ ಸದ್ದು, ಒಳಗೆ ಕೊಬ್ಬರಿ ಒಣಗಿ ಬಿಟ್ಟುಕೊಂಡಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ಅದರ ಬಣ್ಣ, ಹದಗಳು ಒಡೆದು ನೋಡಿದಾಗಲೇ ತಿಳಿಯುವುದು. ಕಿವಿಗೆ ಬಿದ್ದ ಮಾಹಿತಿಯೂ ಹಾಗೆಯೇ.

ಒಡೆದು ನೋಡುವ ಮೊದಲ ಉಪಾಯ ಅಂಕಿತ. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರನ್ನು ಗುರುತಿಸುವ ನಮಗೆ ಇದನ್ನು ವಿವರಿಸಬೇಕಿಲ್ಲ. ‘ಶಿಶುನಾಳಧೀಶ’ ಎಂಬ ಮುದ್ರಿಕೆಯು ಶಿಶುನಾಳ ಷರೀಫರದು. ಕರ್ತೃವಿನ ಗುರುತು ಪದದೊಳಗೇ ಇರುವಾಗ ಅದನ್ನು ಕರ್ತೃ ಅಜ್ಞಾತವಾದ ಜನಪದವೆನ್ನುವುದು ಸಲ್ಲದು. ಆದರೆ ಅಂಕಿತವನ್ನು ಅನುಕರಿಸಿ ಬರೆದವರೂ ಇರಬಹುದಾದ್ದರಿಂದ ಅದೊಂದೇ ಸಾಕ್ಷಿ ಸಾಲದು. ವಿದ್ವಾಂಸರು ಸಂಪಾದಿಸಿದ ಸಂಗ್ರಹವನ್ನೂ ನೋಡಬೇಕು.

ಎರಡನೆಯದು ಕಾಲಕ್ರಮ. ಷರೀಫರ ಕಾಲ 1819ರಿಂದ 1889. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಲನಚಿತ್ರ 1990ರದು. ಅದರ ಸಂಗೀತ ಸಿ. ಅಶ್ವತ್ಥರದು. ರಘು ದೀಕ್ಷಿತರ ಹೆಸರನ್ನೇ ಹೊತ್ತ, ಈ ಎರಡು ಪದಗಳನ್ನೂ ಒಳಗೊಂಡ ಧ್ವನಿಮುದ್ರಿಕೆ ಹೊರಬಂದದ್ದು 2008ರಲ್ಲಿ. ಈ ವರ್ಷಗಳನ್ನು ಸಾಲಾಗಿ ಬರೆದಿಟ್ಟರೆ ಅರ್ಧ ಗೊಂದಲ ತಾನಾಗಿಯೇ ಪರಿಹಾರವಾಗುತ್ತದೆ. ಸಾಹಿತ್ಯ, ರಾಗಸಂಯೋಜನೆ, ಗಾಯನ ಇವು ಮೂರು ಬೇರೆ ಬೇರೆ ಕಾರ್ಯಗಳು. ಮೂರಕ್ಕೂ ಪ್ರತ್ಯೇಕ ಹೆಸರು ಬರೆಯಬೇಕು.

ಮೂರನೆಯದು ನಾಮಸಾಮ್ಯ. ‘ರಘು ದೀಕ್ಷಿತ್’ ಎಂಬುದು ವ್ಯಕ್ತಿಯ ಹೆಸರು, ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬುದು ವಾದ್ಯವೃಂದದ ಹೆಸರು. ಅದಕ್ಕೂ ಮೊದಲು ಅವರಿದ್ದ ವೃಂದ ‘ಅಂತರಾಗ್ನಿ’. ಕಾನ್ಪುರದ ಐಐಟಿಯಲ್ಲಿ ನಡೆಯುವ ವಿದ್ಯಾರ್ಥಿಗಳ ಸಾಂಸ್ಕೃತಿಕ ಉತ್ಸವದ ಹೆಸರೂ ‘ಅಂತರಾಗ್ನಿ’ಯೇ! ಹೆಸರೊಂದನ್ನೇ ನಂಬಿದವನು ಉತ್ಸವದ ವೃತ್ತಾಂತವನ್ನು ವೃಂದದ ಚರಿತ್ರೆಗೆ ಸೇರಿಸಿಬಿಡಬಹುದು.

ನಾಲ್ಕನೆಯದು ಸಾಕ್ಷಿಗಳ ಮೂಲ. ಹತ್ತು ಕಡೆ ಒಂದೇ ಮಾತು ಕಂಡಿತೆಂದು ಅದು ಹತ್ತು ಸಾಕ್ಷಿಯಾಗದು. ಒಂದನ್ನು ನೋಡಿ ಒಂಬತ್ತು ಬರೆದಿದ್ದರೆ ಸಾಕ್ಷಿ ಒಂದೇ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ.ನಂ. ಶ್ರೀಕಂಠಯ್ಯನವರು ಹರಿಹರನ ‘ನಂಬಿಯಣ್ಣನ ರಗಳೆ’ಯನ್ನು ಸಂಪಾದಿಸಿದವರು. ಪ್ರತಿಗಳನ್ನು ಹೋಲಿಸಿ, ಯಾವುದು ಯಾವುದರಿಂದ ಹುಟ್ಟಿತೆಂದು ವಿವೇಚಿಸುವುದು ಗ್ರಂಥಸಂಪಾದನೆಯ ಮೂಲಪಾಠ. ಓಲೆಗರಿಗೆ ಸಲ್ಲುವ ಈ ವಿವೇಚನೆ ಇಂದಿನ ಹಾಡಿಗೂ ಸಲ್ಲುತ್ತದೆ.

ಇಷ್ಟು ಶ್ರಮ ಏಕೆಂದು ಕೆಲವರು ಕೇಳಬಹುದು. ಈ ವರ್ಷದ ಸ್ಮರಣಸಂಚಿಕೆಯ ತಪ್ಪು ಮುಂದಿನ ವರ್ಷದ ಭಾಷಣಕ್ಕೆ ಆಧಾರವಾಗುತ್ತದೆ; ಅದನ್ನು ಕೇಳಿದ ಮಗು ಪರೀಕ್ಷೆಯಲ್ಲಿ ಅದನ್ನೇ ಬರೆಯುತ್ತದೆ. ಹಾಡು ಉಳಿದರೂ ಹಾಡು ಕಟ್ಟಿದವನು ಅಳಿಯುತ್ತಾನೆ. ಹೊಸ ವಾದ್ಯಗಳೊಡನೆ ಹಳೆಯ ಪದವನ್ನು ತರುಣರಿಗೆ ಮುಟ್ಟಿಸಿದ ಗಾಯಕರ ಕೀರ್ತಿ ಅವರಿಗೇ ಇರಲಿ. ಪದದ ಋಣ ಷರೀಫರಿಗೆ ಸಲ್ಲಲಿ. ಸಂಚಿಕೆಯ ಕರಡು ಅಚ್ಚಿಗೆ ಹೋಗುವ ಮುನ್ನ ಮನೆಯ ಹಿರಿಯರೂ ಮಕ್ಕಳೂ ಜೊತೆಗೆ ಕುಳಿತು ಪ್ರತಿಯೊಂದು ಹೆಸರು, ಪ್ರತಿಯೊಂದು ಇಸವಿಯ ಎದುರು ‘ಇದಕ್ಕೆ ಆಧಾರವೇನು?’ ಎಂದು ಕೇಳಿ ನೋಡಿ. ಉತ್ತರ ದೊರೆಯದ ಸಾಲನ್ನು ಬಿಟ್ಟುಬಿಡುವುದೇ ಲೇಸು.